ಹೃದಯದೊಳಗಿನ ಹಳೇ ಪೊರೆ ಮೇಲೆ ಕ್ಲಾಟ್ ಇದೆಯಾ? ಯಾವ ಎಕೋ ಯಾರಿಗೆ ಸರಿ

ತಿಂಗಳಿಗೆ ಒಬ್ಬರಾದರೂ ಇಂಥದೊಂದು ರಿಪೋರ್ಟ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಹೃದಯದ ಬಲಗಡೆ ಮೇಲಿನ ಕೋಣೆಯಲ್ಲಿ ಏನೋ ಅಲ್ಲಾಡುತ್ತಿದೆ, ಯುಸ್ಟೇಷಿಯನ್ ವಾಲ್ವ್ ಇರಬಹುದು, ಕಿಯಾರಿ ನೆಟ್‌ವರ್ಕ್ ಇರಬಹುದು, ಕ್ಲಾಟ್ (ರಕ್ತದ ಹೆಪ್ಪು) ಇಲ್ಲ ಎನ್ನಲು ಆಗುವುದಿಲ್ಲ, ಟಿಇಇ (ಗಂಟಲಿನ ಮೂಲಕ ಮಾಡುವ ಎಕೋ) ಮಾಡಿಸಿ. ಇಷ್ಟೂ ಒಂದೇ ಸಾಲಿನಲ್ಲಿ. ಓದುವವರ ಕಣ್ಣಿಗೆ ಬೀಳುವುದು ಕ್ಲಾಟ್ ಅನ್ನೋ ಪದ ಒಂದೇ. ರಾತ್ರಿ ನಿದ್ದೆ ಹೋಯಿತು ಅಂತಲೇ ಲೆಕ್ಕ. ಬೆಳಗಾದರೆ ಪರಿಚಯದವರು ಒಬ್ಬರು ಸಿ.ಟಿ. ಸಾಕು ಅನ್ನುತ್ತಾರೆ, ನೆಂಟರಲ್ಲಿ ಇನ್ನೊಬ್ಬರು ಎಂ.ಆರ್.ಐ. ಮಾಡಿಸಿಬಿಡಿ ಅನ್ನುತ್ತಾರೆ, ಮನೆಯ ಹಿರಿಯರು ಗಂಟಲಿಗೆ ಪೈಪ್ ಹಾಕುವುದು ಬೇಡವೇ ಬೇಡ ಅಂತ ಹಟ ಹಿಡಿಯುತ್ತಾರೆ.

ನಾನು ಎಕೋ ಟೆಕ್ನಿಷಿಯನ್, ಅಂದರೆ ಧ್ವನಿತರಂಗದಿಂದ ಹೃದಯದ ಚಿತ್ರ ತೆಗೆಯುವವನು. ಹದಿನಾರು ವರ್ಷದಿಂದ ಇದೇ ಕೆಲಸ. ಡಾಕ್ಟರ್ ಅಲ್ಲ, ಹಾಗಾಗಿ ಔಷಧಿ ವಿಷಯದಲ್ಲಿ ತೀರ್ಪು ಕೊಡುವುದಿಲ್ಲ. ಆದರೆ ಯಾವ ಪರೀಕ್ಷೆ ಏನು ತೋರಿಸುತ್ತದೆ, ಯಾವುದು ಏನನ್ನು ಬಿಟ್ಟುಬಿಡುತ್ತದೆ ಅನ್ನುವುದನ್ನು ದಿನಾ ಕಣ್ಣಾರೆ ನೋಡುತ್ತೇನೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಈ ಪೊರೆ ಎಲ್ಲಿಂದ ಬಂತು

ಹೊಟ್ಟೆಯಲ್ಲಿರುವ ಮಗುವಿಗೆ ಉಸಿರಾಟ ಇಲ್ಲ. ಆಮ್ಲಜನಕ ತಾಯಿಯ ಮಾಸಿನಿಂದ ಹೊಕ್ಕುಳ ಬಳ್ಳಿಯ ಮೂಲಕ ಬರುತ್ತದೆ. ಆ ರಕ್ತ ಕೆಳಗಿನ ದೊಡ್ಡ ರಕ್ತನಾಳದಿಂದ, ನಾವು ಐವಿಸಿ ಅನ್ನುತ್ತೇವೆ, ಹೃದಯದ ಬಲ ಮೇಲಿನ ಕೋಣೆಗೆ ಬಂದು ಬೀಳುತ್ತದೆ. ಶ್ವಾಸಕೋಶಕ್ಕೆ ಆಗ ಕೆಲಸ ಇಲ್ಲ, ಆದ್ದರಿಂದ ರಕ್ತ ನೇರವಾಗಿ ಎಡಕ್ಕೆ ದಾಟಬೇಕು. ಅದಕ್ಕೆಂದೇ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ ಇರುತ್ತದೆ. ಗದ್ದೆಗೆ ನೀರು ಹಾಯಿಸುವಾಗ ಕಾಲುವೆಗೆ ಅಡ್ಡ ಮಣ್ಣು ಹಾಕಿ ಮಡೆ ತಿರುಗಿಸುತ್ತೇವಲ್ಲ, ಹಾಗೆ ಈ ರಕ್ತವನ್ನು ಕಿಂಡಿಯ ಕಡೆಗೆ ತಿರುಗಿಸುವ ಪೊರೆಯೇ ಯುಸ್ಟೇಷಿಯನ್ ವಾಲ್ವ್. 16ನೇ ಶತಮಾನದ ಇಟಲಿಯ ಬಾರ್ಟೊಲೊಮಿಯೊ ಯುಸ್ಟಾಕಿಯ ಹೆಸರು ಅದಕ್ಕೆ ಅಂಟಿಕೊಂಡಿದೆ.

ಮಗು ಹುಟ್ಟಿ ಮೊದಲ ಉಸಿರು ಎಳೆದ ಮೇಲೆ ಈ ಏರ್ಪಾಡು ಬೇಕಾಗುವುದಿಲ್ಲ. ಕಿಂಡಿ ಮುಚ್ಚಿಕೊಳ್ಳುತ್ತದೆ, ಪೊರೆ ಸಣ್ಣದಾಗುತ್ತದೆ. ಕೆಲವರಲ್ಲಿ ಮಾತ್ರ ಪೊರೆ ದೊಡ್ಡದಾಗಿಯೇ ಉಳಿಯುತ್ತದೆ. ಇನ್ನು ಕೆಲವರಲ್ಲಿ ಅದು ತೂತು ತೂತಾಗಿ, ಎಳೆ ಎಳೆಯಾಗಿ, ಬಲೆಯ ಹಾಗೆ ತೇಲಾಡುತ್ತಿರುತ್ತದೆ. ಅದನ್ನು 1897ರಲ್ಲಿ ವಿವರಿಸಿದವರು ಆಸ್ಟ್ರಿಯಾದ ಹಾನ್ಸ್ ಕಿಯಾರಿ, ಹಾಗಾಗಿ ಕಿಯಾರಿ ನೆಟ್‌ವರ್ಕ್. ನೂರು ಜನರಲ್ಲಿ ಸುಮಾರು ಇಬ್ಬರಿಗೆ ಇದು ಇರುತ್ತದೆ. ಕಿಂಡಿ ಪೂರ್ತಿ ಮುಚ್ಚದೆ ಉಳಿದರೆ ಅದು ಪಿಎಫ್‌ಒ. ಇದಂತೂ ಬಹಳ ಮಾಮೂಲಿ. ಅಮೆರಿಕದ ಮೇಯೋ ಕ್ಲಿನಿಕ್‌ನವರು ಮರಣೋತ್ತರ ಪರೀಕ್ಷೆಯಲ್ಲಿ 965 ಹೃದಯಗಳನ್ನು ನೋಡಿ 1984ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಶೇಕಡಾ 27ರಷ್ಟು ಜನರಿಗೆ ಇತ್ತು. ಅಂದರೆ ನಾಲ್ಕು ಜನ ಕೂತಲ್ಲಿ ಒಬ್ಬರಿಗೆ.

ಇದನ್ನು ಇಷ್ಟು ಹೇಳಿದ್ದಕ್ಕೆ ಕಾರಣ ಇದೆ. ಈ ಪೊರೆ, ಈ ಬಲೆ, ಈ ಕಿಂಡಿ ಯಾವುದೂ ತಾನಾಗಿ ಕಾಯಿಲೆ ಅಲ್ಲ. ರಿಪೋರ್ಟ್‌ನಲ್ಲಿ ಆ ಹೆಸರು ಕಂಡ ಮಾತ್ರಕ್ಕೆ ಹೆದರಬೇಡಿ. ತೊಂದರೆ ಶುರುವಾಗುವುದು ಕ್ಲಾಟ್ ಅದರ ಮೇಲೆ ಕೂತಾಗ. ಕಾಲಿನ ರಕ್ತನಾಳದಲ್ಲಿ ಆದ ಹೆಪ್ಪು ಕಿತ್ತುಕೊಂಡು ಮೇಲೆ ಬಂದು ಬಲೆಗೆ ಸಿಕ್ಕಿಹಾಕಿಕೊಳ್ಳಬಹುದು. ಅಥವಾ ಡಯಾಲಿಸಿಸ್ ಪೈಪ್, ಕೀಮೋ ಪೋರ್ಟ್, ಎಳೆಗೂಸಿನ ಹೊಕ್ಕುಳಿಗೆ ಹಾಕಿದ ಪೈಪ್, ಇವುಗಳ ತುದಿ ತಾಗಿ ಅಲ್ಲೇ ಹೆಪ್ಪುಗಟ್ಟಬಹುದು. ಅದು ಬಿಟ್ಟುಕೊಂಡರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಿಂಡಿ ತೆರೆದಿದ್ದರೆ ಎಡಕ್ಕೆ ದಾಟಿ ಮೆದುಳಿಗೂ ಹೋಗಬಹುದು. ಹಳೇ ಪೊರೆ ದೊಡ್ಡದಿರುವವರಲ್ಲಿ ಕಿಂಡಿಯೂ ಉಳಿದಿರುವುದು ಉಳಿದವರಿಗಿಂತ ಜಾಸ್ತಿ. ಹಾಗಾಗಿ ಒಂದು ಕಂಡರೆ ಇನ್ನೊಂದನ್ನು ಹುಡುಕಲೇಬೇಕು.

ಆಯ್ಕೆಗೆ ಮೊದಲು ಇಷ್ಟು ಕೇಳಿಕೊಳ್ಳಿ

ಯಾವ ಪರೀಕ್ಷೆ ಎಲ್ಲಕ್ಕಿಂತ ಒಳ್ಳೆಯದು ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನಿಮ್ಮ ಡಾಕ್ಟರಿಗೆ ಈಗ ಯಾವ ಪ್ರಶ್ನೆಗೆ ಉತ್ತರ ಬೇಕು ಅನ್ನುವುದರ ಮೇಲೆ ಆಯ್ಕೆ ನಿಂತಿದೆ. ನಾನು ಐದು ವಿಷಯ ನೋಡುತ್ತೇನೆ.

ಮೊದಲನೆಯದು ತುರ್ತು. ಏದುಸಿರು, ಬಿ.ಪಿ. ಇಳಿದಿದೆ, ಆಕ್ಸಿಜನ್ ಕಡಿಮೆ ಅಂದರೆ ಹಾಸಿಗೆ ಪಕ್ಕಕ್ಕೇ ಬರುವ ಪರೀಕ್ಷೆ ಬೇಕು. ಎರಡನೆಯದು ಚಲನೆ. ಈ ಪೊರೆ ಒಂದೆರಡು ಮಿಲಿಮೀಟರ್ ದಪ್ಪದ್ದು, ಪ್ರತಿ ಬಡಿತಕ್ಕೂ ಚಾಟಿಯ ಹಾಗೆ ಬೀಸುತ್ತದೆ, ಅದನ್ನು ಹಿಡಿಯುವಷ್ಟು ವೇಗವಾಗಿ ಚಿತ್ರ ತೆಗೆಯುವ ಪರೀಕ್ಷೆಯೇ ಆಗಬೇಕು. ಮೂರನೆಯದು, ಕಂಡ ವಸ್ತು ಬರೀ ಪೊರೆಯಾ, ಕ್ಲಾಟಾ, ಸೋಂಕಿನ ಗಂಟಾ, ಗೆಡ್ಡೆಯಾ ಅಂತ ಬೇರೆ ಮಾಡಿ ಹೇಳುವ ಶಕ್ತಿ. ನಾಲ್ಕನೆಯದು, ಕಿಂಡಿ ತೆರೆದಿದೆಯಾ ಅನ್ನುವುದು ಗೊತ್ತಾಗುತ್ತದಾ. ಐದನೆಯದು ದೇಹಕ್ಕೂ ಜೇಬಿಗೂ ಬೀಳುವ ಹೊರೆ, ಅಂದರೆ ಮಂಪರು, ಡೈ (ಚಿತ್ರದಲ್ಲಿ ರಕ್ತ ಎದ್ದು ಕಾಣಲು ನರಕ್ಕೆ ಕೊಡುವ ದ್ರವ), ವಿಕಿರಣ, ಉಪವಾಸ, ಓಡಾಟ, ದುಡ್ಡು.

ಎಲ್ಲದರ ಮೇಲೆ ಇನ್ನೊಂದು ಪ್ರಶ್ನೆ ಇದೆ. ಈ ಪರೀಕ್ಷೆಯ ಉತ್ತರ ಏನೇ ಬಂದರೂ ಚಿಕಿತ್ಸೆ ಅದೇ ಆಗಿದ್ದರೆ, ಮಾಡಿಸುವುದು ಯಾಕೆ? ಇದನ್ನು ಡಾಕ್ಟರಿಗೆ ಧೈರ್ಯವಾಗಿ ಕೇಳಿ. "ಡಾಕ್ಟ್ರೇ, ಇದರಲ್ಲಿ ಕ್ಲಾಟ್ ಕಂಡರೆ ಏನು ಬದಲಾಗುತ್ತೆ, ಕಾಣದಿದ್ದರೆ ಏನು ಬದಲಾಗುತ್ತೆ?" ಒಳ್ಳೆಯ ಡಾಕ್ಟರ್ ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ.

ಸಾದಾ ಎಕೋ: ಮೊದಲು ಇದೇ

ಎದೆ ಮೇಲೆ ಜೆಲ್ ಹಚ್ಚಿ ಪ್ರೋಬ್ ಇಟ್ಟು ನೋಡುವ ಮಾಮೂಲಿ ಎಕೋ. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಇಂಗೆ ಎಡ್ಲರ್, ಹೆಲ್ಮುತ್ ಹರ್ಟ್ಸ್ ಇಬ್ಬರೂ ಸೇರಿ ಶುರು ಮಾಡಿದ್ದು. ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನೇ ಅವರು ಹೃದಯದ ಕಡೆ ತಿರುಗಿಸಿದರು. ಉಪವಾಸ ಬೇಡ, ಮಂಪರು ಬೇಡ, ವಿಕಿರಣ ಇಲ್ಲ. ಅರ್ಧ ಗಂಟೆ ಸಾಕು. ಐಸಿಯು ಹಾಸಿಗೆ ಪಕ್ಕದಲ್ಲೇ ಆಗುತ್ತದೆ. ಬಸುರಿಗೂ ತೊಂದರೆ ಇಲ್ಲ, ಎಳೆಗೂಸಿಗೂ ಇಲ್ಲ. ಖಾಸಗಿಯಲ್ಲಿ ಸಾವಿರದ ಲೆಕ್ಕದಲ್ಲಿ ಮುಗಿಯುವ ಪರೀಕ್ಷೆ. ಚಿತ್ರದ ವೇಗ ಚೆನ್ನಾಗಿರುವುದರಿಂದ ಬೀಸಾಡುವ ಪೊರೆಯನ್ನು ಬೀಸಾಡುವಾಗಲೇ ತೋರಿಸುತ್ತದೆ.

ಕೊರತೆ ಏನೆಂದರೆ, ಧ್ವನಿತರಂಗ ಎದೆ ಮೂಳೆ, ಕೊಬ್ಬು, ಶ್ವಾಸಕೋಶದ ಗಾಳಿ ಎಲ್ಲವನ್ನೂ ದಾಟಿ ಹೋಗಬೇಕು. ದಪ್ಪ ಮೈಯವರಲ್ಲಿ, ಬೀಡಿ ಸಿಗರೇಟಿನಿಂದ ಶ್ವಾಸಕೋಶ ಉಬ್ಬಿದವರಲ್ಲಿ, ವೆಂಟಿಲೇಟರ್ ಮೇಲಿರುವವರಲ್ಲಿ ಚಿತ್ರ ಮಂಜು ಮಂಜು. ಸಣ್ಣ ಕ್ಲಾಟ್ ಪೊರೆಯ ಬುಡದಲ್ಲಿ ಕೂತಿದ್ದರೆ ತಪ್ಪಿಹೋಗುತ್ತದೆ.

ಆದರೆ ನಾನು ನೋಡಿದ ಮಟ್ಟಿಗೆ, ತಪ್ಪಿಹೋಗುವುದಕ್ಕೆ ದೊಡ್ಡ ಕಾರಣ ಯಂತ್ರ ಅಲ್ಲ, ಅವಸರ. ಹೊರಗಡೆ ನಲವತ್ತು ಜನ ಕಾಯುತ್ತಿರುವಾಗ ಎಡಭಾಗದ ಪಂಪಿಂಗ್ ನೋಡಿ, ವಾಲ್ವ್ ನೋಡಿ, ಮುಂದಿನವರನ್ನು ಕರೆಯುತ್ತಾರೆ. ಬಲ ಕೋಣೆಯ ಈ ಪೊರೆ ಚೆನ್ನಾಗಿ ಕಾಣುವುದು ಎದೆ ಮೂಳೆಯ ಕೆಳಗೆ, ಹೊಟ್ಟೆಯ ಮೇಲ್ಭಾಗದಲ್ಲಿ ಪ್ರೋಬ್ ಒತ್ತಿದಾಗ. ಅದನ್ನು ಸಬ್‌ಕಾಸ್ಟಲ್ ವ್ಯೂ ಅನ್ನುತ್ತೇವೆ. ಐವಿಸಿ ಕೋಣೆಗೆ ಸೇರುವ ಬಾಗಿಲು ಅಲ್ಲಿಂದ ನೇರ ಕಾಣುತ್ತದೆ. ಮಂಡಿ ಮಡಚಿ ಹೊಟ್ಟೆ ಸಡಿಲ ಬಿಡಿ, ಉಸಿರು ಎಳೆದು ಹಿಡ್ಕೊಳ್ಳಿ ಅಂತ ಹೇಳಿ ನಿಧಾನವಾಗಿ ನೋಡಿದರೆ ಎಷ್ಟೋ ಜನರಲ್ಲಿ ಪ್ರಶ್ನೆ ಅಲ್ಲೇ ಬಗೆಹರಿಯುತ್ತದೆ. ಹಾಗಾಗಿ ಅನುಮಾನದ ರಿಪೋರ್ಟ್ ಬಂದಾಗ, ಮೈ ಸ್ಥಿತಿ ಚೆನ್ನಾಗಿದ್ದರೆ, ನೇರ ಗಂಟಲಿನ ಎಕೋಗೆ ಓಡುವ ಮೊದಲು ಇನ್ನೊಂದು ಕಡೆ ಸಾವಧಾನವಾಗಿ ಸಾದಾ ಎಕೋ ಮಾಡಿಸಬಹುದಾ ಅಂತ ಕೇಳಿ. ಇದಕ್ಕಿಂತ ಕಡಿಮೆ ಖರ್ಚಿನ ಎರಡನೇ ಅಭಿಪ್ರಾಯ ಸಿಗುವುದಿಲ್ಲ.

ಪೊರೆಗೂ ಕ್ಲಾಟ್‌ಗೂ ನಮಗೆ ಕಾಣುವ ವ್ಯತ್ಯಾಸವನ್ನೂ ಹೇಳುತ್ತೇನೆ. ಪೊರೆ ಉದ್ದಕ್ಕೂ ಒಂದೇ ದಪ್ಪ, ಬುಡ ಯಾವಾಗಲೂ ಐವಿಸಿ ಬಾಯಿಯಲ್ಲೇ, ಹಳೇ ಎಕೋ ವಿಡಿಯೋ ತೆಗೆದು ನೋಡಿದರೆ ಅಲ್ಲಿಯೂ ಅದೇ ಜಾಗದಲ್ಲಿ ಇರುತ್ತದೆ. ಕ್ಲಾಟ್ ಆದರೆ ಒಂದು ಕಡೆ ಉಂಡೆ, ಇನ್ನೊಂದು ಕಡೆ ಬಾಲ. ಕಾಲಿನಿಂದ ಬಂದದ್ದಾದರೆ ಎರೆಹುಳುವಿನ ಹಾಗೆ ಉದ್ದಕ್ಕೆ ಸುತ್ತಿಕೊಂಡು ಹೊರಳುತ್ತದೆ. ಅದು ನಿನ್ನೆ ಇರಲಿಲ್ಲ, ಇವತ್ತು ಇದೆ. ಹಳೇ ವಿಡಿಯೋ ಎಷ್ಟು ಬೆಲೆಬಾಳುತ್ತದೆ ಅನ್ನುವುದು ಇಲ್ಲೇ ಗೊತ್ತಾಗುವುದು.

ಕೆಲಸಕ್ಕೆ ಸೇರಿದ ಎರಡನೇ ವರ್ಷ, ಒಬ್ಬ ಅಮ್ಮನ ಎಕೋದಲ್ಲಿ ತೇಲಾಡುವ ಎಳೆ ಕಂಡು ನಾನು ಕ್ಲಾಟ್ ಅಂತ ಬರೆದು ಕಳಿಸಿದ್ದೆ. ಮೇಲಿನವರು ನೋಡದೆ ಸಹಿ ಹಾಕಿದರು. ಆ ಮನೆಯವರು ಮಗಳ ಮದುವೆಗೆ ಕೂಡಿಟ್ಟಿದ್ದ ದುಡ್ಡು ತೆಗೆದುಕೊಂಡು ದೊಡ್ಡ ಊರಿಗೆ ಹೋದರು. ಅಲ್ಲಿ ಅದು ಕಿಯಾರಿ ಬಲೆ ಅಂತ ತಿಳಿಯಿತು. ಹಳೇ ಸಿ.ಡಿ.ಯಲ್ಲೂ ಅದು ಇತ್ತು, ನಾನು ಕೇಳಿರಲಿಲ್ಲ. ಆ ಅಮ್ಮನ ಮುಖ ಇವತ್ತಿಗೂ ನೆನಪಿದೆ. ಅಂದಿನಿಂದ ಹಳೆಯದು ಏನಾದರೂ ಇದೆಯಾ ಅಂತ ಕೇಳದೆ ನಾನು ಪ್ರೋಬ್ ಮುಟ್ಟುವುದಿಲ್ಲ.

ಬಬಲ್ ಎಕೋ: ಕಿಂಡಿಯ ಪ್ರಶ್ನೆಗೆ

ಸಾದಾ ಎಕೋಗೇ ಇದನ್ನು ಸೇರಿಸಬಹುದು. ಒಂಬತ್ತು ಎಂಎಲ್ ಸಲೈನ್, ಒಂದು ಎಂಎಲ್ ಗಾಳಿ. ಎರಡು ಸಿರಿಂಜ್ ನಡುವೆ ಹಿಂದೆ ಮುಂದೆ ಜೋರಾಗಿ ತಳ್ಳಿದರೆ ಸಣ್ಣ ಸಣ್ಣ ಗುಳ್ಳೆ ಆಗುತ್ತವೆ. ಅದನ್ನು ಕೈ ನರಕ್ಕೆ ಕೊಟ್ಟರೆ ಬಲ ಕೋಣೆ ಬೆಳ್ಳಗೆ ತುಂಬಿಕೊಳ್ಳುತ್ತದೆ. ಶ್ವಾಸಕೋಶ ಈ ಗುಳ್ಳೆಗಳನ್ನು ಸೋಸಿಬಿಡುತ್ತದೆ. ಎಡಗಡೆ ಮೂರು ಬಡಿತದೊಳಗೆ ಗುಳ್ಳೆ ಕಂಡರೆ ಕಿಂಡಿ ತೆರೆದಿದೆ ಅಂತ ಅರ್ಥ. ಮಲವಿಸರ್ಜನೆಗೆ ಮುಕ್ಕಿದ ಹಾಗೆ ಮುಕ್ಕಿ ಬಿಡಿ ಅಂತ ಹೇಳುತ್ತೇವೆ. ಬಿಟ್ಟ ಕ್ಷಣ ಬಲಗಡೆ ಒತ್ತಡ ಏರಿ, ಮುಚ್ಚಿದಂತೆ ಕಾಣುವ ಕಿಂಡಿಯೂ ತೆರೆಯುತ್ತದೆ.

ಖರ್ಚು ಕಡಿಮೆ, ಸಲೈನ್ ಬಿಟ್ಟರೆ ಹೆಚ್ಚಿಗೆ ಏನೂ ಬೇಡ. ಎದೆ ಮೇಲಿಂದ ಮಾಡಿದಾಗ ಗುಳ್ಳೆ ದಾಟಿದ್ದು ಕಂಡರೆ ನಂಬಬಹುದು. ಕಾಣದಿದ್ದರೆ ಪೂರ್ತಿ ನಂಬಬೇಡಿ, ಎದೆ ಮೇಲಿನ ಬಬಲ್ ಎಕೋ ಇರುವ ಕಿಂಡಿಗಳಲ್ಲಿ ಸುಮಾರು ಅರ್ಧದಷ್ಟನ್ನು ತಪ್ಪಿಸುತ್ತದೆ.

ನಮ್ಮ ವಿಷಯದಲ್ಲಿ ಇನ್ನೊಂದು ತೊಡಕು ಇದೆ, ಇದನ್ನು ಎಷ್ಟೋ ಕಡೆ ಗಮನಿಸುವುದಿಲ್ಲ. ಕೈಯಿಂದ ಕೊಟ್ಟ ಗುಳ್ಳೆ ಮೇಲಿನ ರಕ್ತನಾಳದಿಂದ ಬರುತ್ತದೆ. ಯುಸ್ಟೇಷಿಯನ್ ಪೊರೆ ದೊಡ್ಡದಿದ್ದರೆ ಅದು ಕೆಳಗಿನ ರಕ್ತವನ್ನು ಕಿಂಡಿಯ ಕಡೆ ತಿರುಗಿಸುತ್ತಾ ಕೂತಿರುತ್ತದೆ, ಹೊಟ್ಟೆಯಲ್ಲಿದ್ದಾಗ ಮಾಡುತ್ತಿದ್ದ ಅದೇ ಕೆಲಸ. ಗುಳ್ಳೆ ಇಲ್ಲದ ಆ ರಕ್ತ ಕಿಂಡಿಯ ಬಾಯನ್ನು ತೊಳೆಯುತ್ತಿದ್ದರೆ ಮೇಲಿಂದ ಬಂದ ಗುಳ್ಳೆ ಹತ್ತಿರವೇ ಹೋಗುವುದಿಲ್ಲ. ಕಿಂಡಿ ಇದ್ದರೂ ಇಲ್ಲ ಅಂತ ಬರುತ್ತದೆ. ಅನುಮಾನ ಜಾಸ್ತಿ ಇದ್ದರೆ ತೊಡೆಯ ನರದಿಂದ ಗುಳ್ಳೆ ಕೊಟ್ಟು ಮತ್ತೆ ನೋಡುತ್ತಾರೆ. ನಿಮ್ಮ ರಿಪೋರ್ಟ್‌ನಲ್ಲಿ ಪೊರೆ ದೊಡ್ಡದು ಅಂತಲೂ ಇದ್ದು ಬಬಲ್ ನೆಗೆಟಿವ್ ಅಂತಲೂ ಇದ್ದರೆ ಇದನ್ನು ಕೇಳಲೇಬೇಕು.

ಎಚ್ಚರಿಕೆ ಒಂದಿದೆ. ಬಲ ಕೋಣೆಯಲ್ಲಿ ಅಲ್ಲಾಡುವ ಕ್ಲಾಟ್ ಈಗಾಗಲೇ ಕಂಡಿದ್ದರೆ ಮುಕ್ಕಿಸುವ ಬಬಲ್ ಪರೀಕ್ಷೆ ಬೇಡ. ಆ ಒತ್ತಡಕ್ಕೆ ಗುಳ್ಳೆಯ ಜೊತೆ ಕ್ಲಾಟ್ ಕೂಡ ದಾಟಿಬಿಡಬಹುದು.

ಟಿಇಇ: ಗಂಟಲಿನ ಎಕೋ

ಜನ ಹೆದರುವುದು ಇದಕ್ಕೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬೆರಳು ದಪ್ಪದ ಪ್ರೋಬ್ ಅನ್ನನಾಳಕ್ಕೆ ಇಳಿಸುತ್ತಾರೆ. ಅನ್ನನಾಳ ಹೃದಯದ ಬೆನ್ನಿಗೇ ಅಂಟಿಕೊಂಡಿದೆ, ನಡುವೆ ಮೂಳೆ ಇಲ್ಲ, ಗಾಳಿ ಇಲ್ಲ. ಹಾಗಾಗಿ ಚಿತ್ರ ಬಹಳ ಸ್ಪಷ್ಟ. ಮೇಲಿನ ರಕ್ತನಾಳ, ಕೆಳಗಿನ ರಕ್ತನಾಳ, ನಡುವೆ ಕಿಂಡಿಯ ಗೋಡೆ, ಅದರ ಪಕ್ಕ ಯುಸ್ಟೇಷಿಯನ್ ಪೊರೆ ಎಲ್ಲವೂ ಒಂದೇ ಚೌಕಟ್ಟಿನಲ್ಲಿ ಕಾಣುವ ಬೈಕೇವಲ್ ವ್ಯೂ ಇದರಲ್ಲಿ ಸಿಗುತ್ತದೆ. ಪೊರೆಯ ಬುಡಕ್ಕೆ ಅಂಟಿದ ಐದಾರು ಮಿಲಿಮೀಟರ್ ಉಂಡೆಯೂ ಕಾಣುತ್ತದೆ. ಕ್ಲಾಟ್ ಕಿಂಡಿಯಲ್ಲಿ ಅರ್ಧ ಈಚೆ ಅರ್ಧ ಆಚೆ ಸಿಕ್ಕಿಕೊಂಡಿದ್ದರೆ ಅದನ್ನು ಖಚಿತವಾಗಿ ಹೇಳುವುದು ಟಿಇಇ. ಇದು ಅಪರೂಪ, ಆದರೆ ಜೀವಕ್ಕೇ ಅಪಾಯ. ಬಲಗಡೆಯ ಕ್ಲಾಟ್ ಹೀಗೆ ದಾಟಿ ಮೆದುಳಿಗೆ ಹೋಗಬಹುದು ಅಂತ ಜರ್ಮನಿಯ ಯೂಲಿಯಸ್ ಕೋನ್‌ಹೈಮ್ 1877ರಲ್ಲೇ ಬರೆದಿದ್ದರು. ಅವರು ಅದನ್ನು ಕಂಡದ್ದು ಮರಣೋತ್ತರ ಪರೀಕ್ಷೆಯಲ್ಲಿ. ನಮಗೆ ಬದುಕಿರುವಾಗಲೇ ಕಾಣುತ್ತದೆ.

ಅಂದು ಏನೇನು ಆಗುತ್ತದೆ? ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ಹಲ್ಲು ಸೆಟ್ ಇದ್ದರೆ ತೆಗೆಯಬೇಕು. ಗಂಟಲಿಗೆ ಮರಗಟ್ಟುವ ಸ್ಪ್ರೇ ಹೊಡೆಯುತ್ತಾರೆ, ಅದು ಕಹಿ. ಸ್ವಲ್ಪ ಮಂಪರು ಕೊಡುತ್ತಾರೆ. ಎಡಕ್ಕೆ ಮಗ್ಗುಲಾಗಿ ಮಲಗಬೇಕು. ನುಂಗುವ ಆ ಒಂದು ಕ್ಷಣ ಕಷ್ಟ, ವಾಕರಿಕೆ ಬರುತ್ತದೆ. ಮೂಗಿನಲ್ಲಿ ನಿಧಾನ ಉಸಿರಾಡಿದರೆ ತಡೆದುಕೊಳ್ಳಬಹುದು. ಒಳಗೆ ಹೋದ ಮೇಲೆ ಹತ್ತು ಹದಿನೈದು ನಿಮಿಷ. ಮುಗಿದ ಮೇಲೆ ಗಂಟಲಿನ ಮರಗಟ್ಟು ಹೋಗುವವರೆಗೆ ನೀರೂ ಕುಡಿಯಬಾರದು, ಶ್ವಾಸನಾಳಕ್ಕೆ ಹೋಗಿಬಿಡುತ್ತದೆ. ಅವತ್ತು ಗಾಡಿ ಓಡಿಸಬಾರದು, ಜೊತೆಗೆ ಒಬ್ಬರು ಇರಲಿ.

ಅಪಾಯ? ಮಾಮೂಲಿಯಾಗಿ ಆಗುವುದು ಎರಡು ದಿನದ ಗಂಟಲು ನೋವು. ಅನ್ನನಾಳ ತೂತಾಗುವುದು ಬಹಳ ಅಪರೂಪ, ಹತ್ತು ಸಾವಿರಕ್ಕೆ ಒಂದರಿಂದ ಮೂರು. ಆದರೆ ಕೆಲವರಿಗೆ ಟಿಇಇ ಬೇಡ ಅಥವಾ ಬಹಳ ಯೋಚಿಸಿ ಮಾಡಬೇಕು: ನುಂಗಲು ಕಷ್ಟ ಇರುವವರು, ಅನ್ನನಾಳ ಕಿರಿದಾಗಿರುವವರು, ಅಲ್ಲಿ ಗೆಡ್ಡೆ ಇರುವವರು, ಲಿವರ್ ಹಾಳಾಗಿ ಅನ್ನನಾಳದ ನರ ಊದಿಕೊಂಡವರು, ಹೊಟ್ಟೆ ಅಥವಾ ಅನ್ನನಾಳಕ್ಕೆ ಈಚೆಗೆ ಆಪರೇಷನ್ ಆದವರು. ಕೇಳದಿದ್ದರೂ ಇದನ್ನು ನೀವೇ ಬಾಯಿಬಿಟ್ಟು ಹೇಳಿ. ರಕ್ತ ತೆಳು ಮಾಡುವ ಮಾತ್ರೆಯನ್ನು ಸ್ವಂತ ನಿರ್ಧಾರದಿಂದ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಸಾಮಾನ್ಯವಾಗಿ ನಿಲ್ಲಿಸದೆಯೇ ಟಿಇಇ ಮಾಡುತ್ತಾರೆ.

ಕಿಂಡಿ ಹುಡುಕುವುದರಲ್ಲಿ ಟಿಇಇಗೂ ಒಂದು ದೌರ್ಬಲ್ಯ ಇದೆ. ಮಂಪರಿನಲ್ಲಿರುವವರಿಗೆ ಮುಕ್ಕಲು ಬರುವುದಿಲ್ಲ. ಹೊಟ್ಟೆ ಒತ್ತಿ ಒತ್ತಡ ತರುತ್ತೇವೆ, ಆದರೂ ಎಚ್ಚರದಲ್ಲಿ ಮುಕ್ಕಿದ ಹಾಗೆ ಆಗುವುದಿಲ್ಲ. ಹಾಗಾಗಿ ಎದೆ ಮೇಲಿನ ಬಬಲ್ ಎಕೋ, ಗಂಟಲಿನ ಎಕೋ ಎರಡೂ ಒಂದಕ್ಕೊಂದು ಜೊತೆ. ಒಂದು ಮಾಡಿಸಿದರೆ ಇನ್ನೊಂದು ದಂಡ ಅಂತ ಅಲ್ಲ.

ಉಳಿದವು: ಸಿ.ಟಿ., ಎಂ.ಆರ್.ಐ., ತೊಡೆಯಿಂದ ಹೋಗುವ ಎಕೋ

ಸಿ.ಟಿ. ಇರುವುದು ಶ್ವಾಸಕೋಶದ ಕ್ಲಾಟ್ ಹುಡುಕಲು. ಅದಕ್ಕೆ ಅದು ಬಹಳ ಒಳ್ಳೆಯದು. ಆದರೆ ಬಲ ಕೋಣೆಯಲ್ಲಿ ಮೋಸ ಮಾಡುತ್ತದೆ. ಕೈಯಿಂದ ಕೊಟ್ಟ ಡೈ ಮೇಲಿಂದ ಬರುತ್ತದೆ, ಕೆಳಗಿನಿಂದ ಡೈ ಇಲ್ಲದ ರಕ್ತ ಬರುತ್ತದೆ, ಎರಡೂ ಸರಿಯಾಗಿ ಬೆರೆಯದೆ ಕಪ್ಪು ತೇಪೆ ಕಂಡು ಕ್ಲಾಟ್ ಇರಬಹುದು ಅಂತ ರಿಪೋರ್ಟ್ ಬರುತ್ತದೆ. ಹಾಗೆ ಬಂದವರನ್ನು ನಾವು ಸಾದಾ ಎಕೋದಲ್ಲಿ ನೋಡಿ ಏನೂ ಇಲ್ಲ ಅಂತ ಕಳಿಸಿದ್ದು ಎಷ್ಟೋ ಸಲ. ಡೈ ಕಿಡ್ನಿಗೆ ಹೊರೆ, ವಿಕಿರಣವೂ ಇದೆ. ಬರೀ ಪೊರೆಯ ಅನುಮಾನಕ್ಕೆ ಸಿ.ಟಿ. ಮಾಡಿಸಬೇಡಿ.

ಎಂ.ಆರ್.ಐ. ಗೆಡ್ಡೆಯಾ ಕ್ಲಾಟಾ ಅನ್ನುವ ಪ್ರಶ್ನೆಗೆ ಒಳ್ಳೆಯ ಉತ್ತರ ಕೊಡುತ್ತದೆ. ಗೆಡ್ಡೆಗೆ ರಕ್ತ ಪೂರೈಕೆ ಇರುತ್ತದೆ, ಡೈ ಒಳಗೆ ಹೋಗುತ್ತದೆ. ಕ್ಲಾಟ್‌ಗೆ ಇರುವುದಿಲ್ಲ, ಕಪ್ಪಾಗಿಯೇ ಉಳಿಯುತ್ತದೆ. ಒಂದೆರಡು ಸೆಂಟಿಮೀಟರಿನ ಗಂಟು ಇದ್ದರೆ ಉಪಯೋಗ. ಆದರೆ ಅದು ಹಲವು ಬಡಿತಗಳ ಚಿತ್ರ ಕೂಡಿಸಿ ಒಂದು ಮಾಡುತ್ತದೆ, ಹಾಗಾಗಿ ಬೀಸಾಡುವ ತೆಳು ಎಳೆ ಅದರಲ್ಲಿ ಕರಗಿಹೋಗುತ್ತದೆ. ಮುಕ್ಕಾಲು ಗಂಟೆ ಕೊಳವೆಯಲ್ಲಿ ಅಲುಗಾಡದೆ ಮಲಗಬೇಕು, ಏದುಸಿರಿನವರಿಗೆ ಆಗದ ಮಾತು.

ತೊಡೆಯ ನರದಿಂದ ಕ್ಯಾತೆಟರ್ (ತೆಳು ಕೊಳವೆ) ತೂರಿಸಿ ಹೃದಯದ ಒಳಗಿಂದಲೇ ನೋಡುವ ಎಕೋ ಇನ್ನೊಂದು, ಐಸಿಇ. ಚಿತ್ರ ಅದ್ಭುತ, ಖರ್ಚೂ ಎಲ್ಲಕ್ಕಿಂತ ಜಾಸ್ತಿ. ಬರೀ ನೋಡುವುದಕ್ಕೆ ಇದು ಬೇಡ. ಕಿಂಡಿ ಮುಚ್ಚುವ ಚಿಕಿತ್ಸೆ ಹೇಗೂ ನಡೆಯುತ್ತಿದ್ದರೆ ಅದರ ಜೊತೆ ಬಳಸುತ್ತಾರೆ. ಆದರೆ ಐವಿಸಿ ಬಾಯಲ್ಲೇ ಕ್ಲಾಟ್ ಇದ್ದರೆ ಅದೇ ದಾರಿಯಲ್ಲಿ ಕ್ಯಾತೆಟರ್ ತೂರಿಸುವುದು ಅಪಾಯ, ಅದಕ್ಕೇ ಮೊದಲು ಹೊರಗಿನಿಂದ ನೋಡಿರಬೇಕು.

ನಿಮ್ಮ ಪರಿಸ್ಥಿತಿ ಯಾವುದು

ಮನೆಯವರಿಗೆ ಇದ್ದಕ್ಕಿದ್ದಂತೆ ಏದುಸಿರು ಬಂದು, ಕಾಲು ಊದಿದೆ, ಈಚೆಗೆ ಆಪರೇಷನ್ ಆಗಿತ್ತು ಅಥವಾ ಪ್ಲಾಸ್ಟರ್ ಹಾಕಿ ಮಲಗಿದ್ದರು ಅನ್ನುವುದಾದರೆ ಹಾಸಿಗೆ ಪಕ್ಕದ ಸಾದಾ ಎಕೋ ತಕ್ಷಣ ಆಗಲಿ, ಸ್ಥಿತಿ ತಡೆದರೆ ಶ್ವಾಸಕೋಶದ ಸಿ.ಟಿ. ಆಗಲಿ. ಶ್ವಾಸಕೋಶಕ್ಕೆ ಕ್ಲಾಟ್ ಹೋದವರಲ್ಲಿ ನೂರಕ್ಕೆ ಸುಮಾರು ನಾಲ್ವರಿಗೆ ಬಲ ಹೃದಯದಲ್ಲೂ ಕ್ಲಾಟ್ ಕಾಣುತ್ತದೆ. ಕಂಡರೆ ಚಿಕಿತ್ಸೆ ಶುರುವಾಗಬೇಕು. ಟಿಇಇಗೆ ಉಪವಾಸ ಅಂತ ಆರು ಗಂಟೆ ಕಾಯುತ್ತಾ ಕೂರುವ ಹೊತ್ತಲ್ಲ ಅದು.

ನಲವತ್ತರ ಆಸುಪಾಸಿನವರಿಗೆ ಕಾರಣ ಗೊತ್ತಾಗದ ಲಕ್ವಾ ಹೊಡೆದಿದೆ, ಬಿ.ಪಿ. ಇಲ್ಲ, ಶುಗರ್ ಇಲ್ಲ, ಕುತ್ತಿಗೆಯ ರಕ್ತನಾಳ ಸರಿ ಇದೆ. ಇವರಿಗೆ ನಾನು ಸಾದಾ ಎಕೋ, ಬಬಲ್, ಆಮೇಲೆ ಟಿಇಇ, ಮೂರೂ ಬೇಕು ಅನ್ನುತ್ತೇನೆ. ದುಡ್ಡು ಉಳಿಸುವ ಜಾಗ ಇದಲ್ಲ. ಕಿಂಡಿ ಮುಚ್ಚಿದರೆ ಎರಡನೇ ಲಕ್ವಾ ಕಡಿಮೆಯಾಗುತ್ತದೆ ಅಂತ ಆರಿಸಿದ ರೋಗಿಗಳಲ್ಲಿ 2017ರಲ್ಲಿ ಒಂದರ ಹಿಂದೆ ಒಂದು ದೊಡ್ಡ ಅಧ್ಯಯನಗಳು ತೋರಿಸಿದವು. ಹಾಗಾಗಿ ಇಲ್ಲಿ ಉತ್ತರ ಚಿಕಿತ್ಸೆಯನ್ನು ನಿಜವಾಗಿ ಬದಲಾಯಿಸುತ್ತದೆ. ಜೊತೆಗೆ ಕಾಲಿನ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್ ಮರೆಯಬೇಡಿ, ಕ್ಲಾಟ್‌ನ ಮೂಲ ಅಲ್ಲಿರಬಹುದು.

ಡಯಾಲಿಸಿಸ್ ಪೈಪ್ ಅಥವಾ ಕೀಮೋ ಪೋರ್ಟ್ ಇರುವವರಿಗೆ ಜ್ವರದ ಜೊತೆ ಬಲ ಕೋಣೆಯಲ್ಲಿ ಗಂಟು ಕಂಡರೆ ಎಕೋ ಒಂದರಿಂದಲೇ ಉತ್ತರ ಬರುವುದಿಲ್ಲ. ಕ್ಲಾಟ್, ಸೋಂಕಿನ ಗಂಟು ಎರಡೂ ಪರದೆ ಮೇಲೆ ಒಂದೇ ಥರ ಕಾಣುತ್ತವೆ. ರಕ್ತದಲ್ಲಿ ಸೋಂಕಿನ ಕ್ರಿಮಿ ಇದೆಯಾ ಅಂತ ಬೆಳೆಸಿ ನೋಡುವ ಕಲ್ಚರ್ ಬೇಕೇ ಬೇಕು. ಪೈಪ್ ತುದಿ ಎಲ್ಲಿ ಮುಗಿಯುತ್ತದೆ, ಗಂಟು ಅದಕ್ಕೆ ಅಂಟಿದೆಯಾ ಪೊರೆಗೆ ಅಂಟಿದೆಯಾ ಅಂತ ನೋಡಲು ಟಿಇಇ ಸರಿ.

ಎಳೆಗೂಸುಗಳ ವಿಷಯ ಬೇರೆ. ಎನ್‌ಐಸಿಯುನಲ್ಲಿ ಹೊಕ್ಕುಳಿನ ಪೈಪ್ ಹಾಕಿದ ಮಗುವಿಗೆ ಪೊರೆಯ ಮೇಲೆ ಕ್ಲಾಟ್ ಅನುಮಾನ ಬಂದರೆ ಎದೆ ಮೇಲಿನ ಎಕೋ ಸಾಕು. ಎದೆ ತೆಳು, ಚಿತ್ರ ಕನ್ನಡಿಯ ಹಾಗೆ. ಮಕ್ಕಳ ಹೃದ್ರೋಗ ತಜ್ಞರೇ ನೋಡುವುದು ಮುಖ್ಯ, ಯಾಕೆಂದರೆ ಆ ವಯಸ್ಸಿನಲ್ಲಿ ಪೊರೆಯೂ ದೊಡ್ಡದಿರುತ್ತದೆ, ಕಿಂಡಿಯೂ ತೆರೆದಿರುತ್ತದೆ, ಎರಡೂ ಸಹಜ.

ಇನ್ನು ಯಾವ ತೊಂದರೆಯೂ ಇಲ್ಲದೆ, ಆಪರೇಷನ್ ಫಿಟ್‌ನೆಸ್‌ಗೆ ಅಂತ ಎಕೋ ಮಾಡಿಸಿದಾಗ ಬಲೆಯ ಹಾಗೆ ಏನೋ ಕಂಡವರು. ಇಂಥವರೇ ಜಾಸ್ತಿ. ಹಳೇ ವಿಡಿಯೋ ಹುಡುಕಿ, ಇಲ್ಲದಿದ್ದರೆ ಒಮ್ಮೆ ನಿಧಾನವಾಗಿ ಸಾದಾ ಎಕೋ ಮಾಡಿಸಿ. ಎಲ್ಲ ಕಡೆ ಒಂದೇ ದಪ್ಪ, ಬುಡ ಐವಿಸಿ ಬಾಯಲ್ಲಿ, ಉಂಡೆ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಇಂಥವರನ್ನು ಸುಮ್ನೆ ಟಿಇಇಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ.

ದುಡ್ಡು, ಜಾಗ, ಕಾಗದ

ಖರ್ಚಿನ ಏರಿಕೆ ಹೀಗಿದೆ: ಸಾದಾ ಎಕೋ ಎಲ್ಲಕ್ಕಿಂತ ಕಡಿಮೆ, ಬಬಲ್ ಅದಕ್ಕಿಂತ ಸ್ವಲ್ಪ ಜಾಸ್ತಿ, ಟಿಇಇ ಇನ್ನೂ ಜಾಸ್ತಿ, ಸಿ.ಟಿ., ಎಂ.ಆರ್.ಐ. ಅದಕ್ಕಿಂತ ಮೇಲೆ, ಐಸಿಇ ತುದಿಯಲ್ಲಿ. ನಮ್ಮ ರಾಜ್ಯದವರಿಗೆ ಜಯದೇವ ಸಂಸ್ಥೆ ಬೆಂಗಳೂರು, ಮೈಸೂರು, ಕಲಬುರಗಿಯಲ್ಲಿದೆ, ಹೃದಯಕ್ಕೆಂದೇ ಇರುವ ಸರ್ಕಾರಿ ಆಸ್ಪತ್ರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ಮೊದಲೇ ವಿಚಾರಿಸಿ, ರೆಫರಲ್ ಕಾಗದ ಬೇಕಾಗಬಹುದು. ಹಳ್ಳಿಯಿಂದ ಬರುವವರಿಗೆ ಪರೀಕ್ಷೆಯ ದುಡ್ಡಿಗಿಂತ ಓಡಾಟವೇ ಭಾರ. ಆದ್ದರಿಂದ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೊರಡಿ. ಸಾದಾ ಎಕೋದಲ್ಲಿ ಬಗೆಹರಿಯದಿದ್ದರೆ ಅವತ್ತೇ ಟಿಇಇ ಮಾಡುತ್ತೀರಾ ಅಂತ ಕೇಳಬಹುದು. ಶುಗರ್ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಹಿಂದಿನ ದಿನವೇ ಡಾಕ್ಟರನ್ನು ಕೇಳಿಕೊಂಡು ಉಪವಾಸ ಇರಿ.

ರಿಪೋರ್ಟ್ ಕೈಗೆ ಬಂದಾಗ ನಾಲ್ಕು ವಿಷಯ ಇದೆಯಾ ನೋಡಿ. ಗಂಟಿನ ಅಳತೆ ಮಿಲಿಮೀಟರಿನಲ್ಲಿ. ಅದು ಅಲ್ಲಾಡುತ್ತದಾ ಇಲ್ಲವಾ. ಬುಡ ಯಾವುದಕ್ಕೆ ಅಂಟಿದೆ. ಕಿಂಡಿ ನೋಡಿದ್ದಾರಾ, ನೋಡಿದ್ದರೆ ಹೇಗೆ. ಇಷ್ಟು ಇಲ್ಲದೆ ಬರೀ ಕ್ಲಾಟ್ ಇರಬಹುದು ಅಂತ ಇದ್ದರೆ ಹೊರಡುವ ಮುಂಚೆಯೇ ಕೇಳಿ ಬರೆಸಿಕೊಳ್ಳಿ. ವಿಡಿಯೋ ಸಿ.ಡಿ.ಯಲ್ಲೋ ಪೆನ್‌ಡ್ರೈವ್‌ನಲ್ಲೋ ಕೊಡಿ ಅನ್ನಿ, ಕಾಗದದ ಮೇಲಿನ ನಿಂತ ಚಿತ್ರದಿಂದ ಮುಂದಿನವರಿಗೆ ಏನೂ ತಿಳಿಯುವುದಿಲ್ಲ.

ಕ್ಲಾಟ್ ಖಚಿತವಾಗಿ, ಮಾತ್ರೆ ಶುರುವಾದವರಿಗೆ ಇನ್ನೊಂದು ಮಾತು. ಮತ್ತೆ ನೋಡುವಾಗ ಮೊದಲು ಯಾವ ಪರೀಕ್ಷೆಯಲ್ಲಿ ಕಂಡಿತ್ತೋ ಅದರಲ್ಲೇ ನೋಡಿಸಿ. ಟಿಇಇಯಲ್ಲಿ ಮಾತ್ರ ಕಂಡಿದ್ದ ಎಂಟು ಮಿಲಿಮೀಟರ್ ಕ್ಲಾಟ್ ಸಾದಾ ಎಕೋದಲ್ಲಿ ಕಾಣಲಿಲ್ಲ ಅಂದರೆ ಕರಗಿತು ಅಂತ ಅರ್ಥ ಅಲ್ಲ, ಅದು ಮೊದಲೂ ಅಲ್ಲಿ ಕಂಡಿರಲಿಲ್ಲ. ಸಾದಾ ಎಕೋದಲ್ಲೇ ಚೆನ್ನಾಗಿ ಕಂಡಿದ್ದರೆ ಮತ್ತೆ ಗಂಟಲಿಗೆ ಪೈಪ್ ಹಾಕಿಸಿಕೊಳ್ಳುವ ಕಷ್ಟ ಯಾಕೆ, ಎದೆ ಮೇಲಿಂದಲೇ ಅಳೆದು ಹಳೇ ವಿಡಿಯೋ ಪಕ್ಕದಲ್ಲಿ ಇಟ್ಟು ನೋಡಿದರೆ ಆಯಿತು.